ಎರಡನೇ ಭಾನುವಾರದ ಡಬ್ಬಿ

ದಾನೇಶ್ವರಿ ಗೊತ್ತಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಡುತ್ತಿದ್ದಳು. ಎಂಸೆಟ್ ಬರೆಯುವ ಅಷ್ಟೊಂದು ಮಕ್ಕಳಲ್ಲಿ ಹೀಗೆ ಮಾಡುವವಳು ಇವಳೊಬ್ಬಳೇ ಇರಬೇಕು ಅಂತ ಉಪೇಂದ್ರನಿಗೆ ಅನಿಸುತ್ತಿತ್ತು. ಇಂಜಿನಿಯರಿಂಗ್ ಸೀಟಿನ ಆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ವರ್ಷವಿಡೀ ಏನೂ ಓದದವನೂ ಕೊನೆಗೆ ಉತ್ತರದ ಹಾಳೆಯಲ್ಲಿ ಉಳಿದ ಗುಂಡುಗಳನ್ನೆಲ್ಲ ಒಂದೇ ಸಾಲಿನಲ್ಲಿ ಕಪ್ಪು ಮಾಡಿ ಎದ್ದು ಬರುತ್ತಾನೆ. ನಾಲ್ಕರಲ್ಲಿ ಒಂದು ಹೇಗೂ ತಗಲುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ದಾನೇಶ್ವರಿಗೆ ಮಾತ್ರ ಪ್ರತಿ ವಾರ ಹೇಳಬೇಕಾಗುತ್ತಿತ್ತು, ಹೇಳಿದ ಮೇಲೂ ಅವಳ ಉತ್ತರದ ಹಾಳೆ ಹಲ್ಲು ಉದುರಿದ ಬಾಯಿಯ ಹಾಗೆ ಇರುತ್ತಿತ್ತು.

ಉಪೇಂದ್ರ ಅವಳ ಸೋದರಮಾವ, ತಾಯಿ ಸುವರ್ಣಾಳ ತಮ್ಮ. ರಾಯಚೂರಿನಲ್ಲಿ ಬಿಎಸ್ಸಿ ಮುಗಿಸಿ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಲಿಕ್ಕೆ ಹೈದರಾಬಾದಿಗೆ ಬಂದವನು. ಒಂದು ಕೋರ್ಸ್ ಮುಗಿಯುವಷ್ಟರಲ್ಲಿ ಕಂಪನಿಗಳು ಇನ್ನೊಂದನ್ನು ಕೇಳುತ್ತಿದ್ದವು. ಅದನ್ನು ಕಲಿಯುವಷ್ಟರಲ್ಲಿ ಅದೂ ಹಳೆಯದಾಗುತ್ತಿತ್ತು. ಊರಿನವರಿಗೆಲ್ಲ ಹೈಟೆಕ್ ಸಿಟಿಯಲ್ಲಿ ಕೆಲಸ ಸಿಗುತ್ತಿದ್ದ ಆ ವರ್ಷಗಳಲ್ಲಿ ಅವನು ಒಂದು ಸಣ್ಣ ಟ್ಯುಟೋರಿಯಲ್ಲಿನಲ್ಲಿ ಅರ್ಧ ದಿನ ಲೆಕ್ಕ ಹೇಳಿಕೊಡುತ್ತಿದ್ದ. ಉಳಿದ ಅರ್ಧ ದಿನ ನಾಚಾರಂನಲ್ಲಿ ಅಕ್ಕನ ಮನೆಯ ಹಾಲಿನಲ್ಲಿ ದಾನೇಶ್ವರಿಗೆ ಅದೇ ಲೆಕ್ಕ ಹೇಳಿಕೊಡುತ್ತಿದ್ದ. ಮಲಗುತ್ತಿದ್ದುದೂ ಅದೇ ಹಾಲಿನಲ್ಲಿ, ಬೆಳಿಗ್ಗೆ ಮಡಚಿಡುವ ಮಂಚದ ಮೇಲೆ.

ಅಕ್ಕನ ಗಂಡ ಸಿದ್ದರಾಮಪ್ಪ ನಾಚಾರಂನ ಪ್ಲಾಸ್ಟಿಕ್ ಬಕೆಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅವನು ಬರೀ ಅಕ್ಕನ ಗಂಡನಲ್ಲ, ಇವರ ತಾಯಿ ಪಾರ್ವತಿಬಾಯಿಯ ಒಡಹುಟ್ಟಿದ ತಮ್ಮ. ಸುವರ್ಣಾಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಇವರ ಊರು ದೇವದುರ್ಗದ ಕಡೆ ಅದರಲ್ಲಿ ವಿಶೇಷವೇನಿಲ್ಲ. ಹುಡುಗಿ ಹುಟ್ಟಿದರೆ ಮೊದಲು ಅವಳಿಗೆ ಸೋದರಮಾವ ಇದ್ದಾನೋ ಇಲ್ಲವೋ ನೋಡುತ್ತಾರೆ. ಇದ್ದರೆ ಹೊರಗೆ ಹುಡುಕುವ ತ್ರಾಸಿಲ್ಲ.

ದಾನೇಶ್ವರಿ ಹುಟ್ಟಿದಾಗ ಉಪೇಂದ್ರನಿಗೆ ಎಂಟು ವರ್ಷ. ಅವಳ ಜವಳ ತೆಗೆಸಿದ್ದು, ಕಿವಿ ಚುಚ್ಚಿಸಿದ್ದು ಅವನ ತೊಡೆಯ ಮೇಲೆ ಕೂಡಿಸಿಕೊಂಡೇ. ಅಕ್ಕಸಾಲಿಗ ತಂತಿ ಚುಚ್ಚಿದಾಗ ಕೂಸು ಉಪೇಂದ್ರನ ಕೈಗೆ ಬಾಯಿ ಹಾಕಿ ಕಚ್ಚಿತ್ತು. ಈಗಿನಿಂದಲೇ ಗಂಡನ್ನ ಕಚ್ಚಾಕತ್ತಾಳ ಅಂತ ನೆಂಟರೆಲ್ಲ ನಕ್ಕಿದ್ದರು. ಆಗ ಅದು ಚಾಷ್ಟಿ. ಅವಳಿಗೆ ಹದಿನೆಂಟು ತುಂಬುವಷ್ಟರಲ್ಲಿ ಎಲ್ಲರೂ ನಗುವುದನ್ನು ಬಿಟ್ಟರು. ಅದು ತನಗೆ ಹೆದರಿಕೆ ಹುಟ್ಟಿಸಬೇಕಿತ್ತು ಅಂತ ಉಪೇಂದ್ರನಿಗೆ ತಿಳಿದದ್ದು ತಡವಾಗಿ.

ಹೋದ ವರ್ಷ ಅವಳ ರ್‍ಯಾಂಕು ಯಾವ ಕಾಲೇಜಿಗೂ ಮುಟ್ಟಲಿಲ್ಲ. ಪಾರ್ವತಿಬಾಯಿ ಊರಿಂದ ಬಂದು ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟಳು.

“ಇನ್ನೊಂದು ಸಲ ಬರೀಲಿ. ಸೀಟು ಸಿಕ್ಕರ ಓದ್ಲಿ. ಇಲ್ಲಾಂದ್ರ ಶ್ರಾವಣದಾಗ ಅಕ್ಕಿಕಾಳು ಹಾಕಿಬಿಡೂಣು. ಹುಡುಗ ಮನ್ಯಾಗಽ ಅದಾನ.”

ಮನೆಯಲ್ಲಿದ್ದ ಹುಡುಗ ಆಗ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ಅವನು ಕೆಲಸಕ್ಕೆ ಹೋದ. ಅಕ್ಕನ ಮನೆಯಲ್ಲಿ ಉಣ್ಣುವವನು ಅಕ್ಕನ ಮಗಳನ್ನು ಒಲ್ಲೆ ಅನ್ನುವುದಕ್ಕಿಂತ ಆ ಹುಡುಗಿಗೆ ಸೀಟು ಕೊಡಿಸುವುದು ಸುಲಭ ಅಂತ ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದ. ಸಿದ್ದರಾಮಪ್ಪನ ಮಾತು ಆ ಲೆಕ್ಕಕ್ಕೆ ಬಲ ಕೊಟ್ಟಿತ್ತು. ಸಾಫ್ಟ್‌ವೇರ್ ಹುಡುಗರ ಮನೆಯವರು ಈಗ ಬಿಇ ಆದ ಹುಡುಗಿಯನ್ನೇ ಕೇಳುತ್ತಾರೆ, ಬಿಇ ಇದ್ದರೆ ಹೊರಗಿಂದ ಎಂಥ ವರನಾದರೂ ಬರುತ್ತಾನೆ, ಇಲ್ಲದಿದ್ದರೆ ಮನೆಯವನೇ ಗತಿ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಗತಿ ಅನ್ನಿಸಿಕೊಂಡವನು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದಾನೆ ಅನ್ನುವುದು ಅವನಿಗೆ ನೆನಪಿರುತ್ತಿರಲಿಲ್ಲ.

ದಾನೇಶ್ವರಿಯನ್ನು ಕೂಕಟ್‌ಪಲ್ಲಿಯ ಒಂದು ಕಾಲೇಜಿಗೆ ಲಾಂಗ್ ಟರ್ಮ್‌ಗೆ ಹಾಕಿದರು, ದಿನಾ ಮನೆಯಿಂದ ಹೋಗಿಬರುವ ಹಾಗೆ. ಒಮ್ಮೆ ಬರೆದು ಸೋತವರನ್ನು ಮತ್ತೊಂದು ವರ್ಷ ಅದೇ ಪಾಠಕ್ಕೆ ಕೂಡಿಸುವುದಕ್ಕೆ ಆ ಹೆಸರು. ಕಾಲೇಜು ಅಂದರೆ ಬಾಡಿಗೆಗೆ ಹಿಡಿದ ಐದಂತಸ್ತಿನ ಅಪಾರ್ಟ್‌ಮೆಂಟು. ಯಾರದೋ ಬೆಡ್‌ರೂಮಿನಲ್ಲಿ ಕೆಮಿಸ್ಟ್ರಿ, ಅಡುಗೆಮನೆಯ ಕಟ್ಟೆಯ ಮೇಲೆ ಫಿಸಿಕ್ಸ್ ಮೇಷ್ಟ್ರ ಟೀ ಲೋಟ. ಬಾಲ್ಕನಿಗಳಿಗೆಲ್ಲ ಕೆಳಗಿಂದ ಮೇಲಿನವರೆಗೆ ಕಬ್ಬಿಣದ ಜಾಳಿಗೆ. ಕಳ್ಳರಿಗಾಗಿ ಅಲ್ಲ ಅಂತ ಉಪೇಂದ್ರನಿಗೆ ಮೊದಲ ದಿನವೇ ಗೊತ್ತಾಯಿತು. ಐದನೇ ಅಂತಸ್ತಿಗೆ ಯಾವ ಕಳ್ಳ ಹತ್ತುತ್ತಾನೆ?

ದಾನೇಶ್ವರಿ ದಡ್ಡಿಯಲ್ಲ. ಹತ್ತನೇ ಆದ ಮೇಲೆ ಅವಳು ಕಾಮರ್ಸಿಗೆ ಹೋಗುತ್ತೇನೆ ಅಂದಿದ್ದಳು. ಅಪ್ಪ ಲೆಕ್ಕ, ಫಿಸಿಕ್ಸ್, ಕೆಮಿಸ್ಟ್ರಿಯ ಎಂಪಿಸಿಗೆ ಹಾಕಿದ. ಓಣಿಯಲ್ಲಿ ಎಲ್ಲರೂ ಅದಕ್ಕೇ ಹಾಕಿದ್ದರು. ಅವಳು ಓದುತ್ತಿದ್ದಳು, ಬರೆಯುತ್ತಿದ್ದಳು, ಬೆಳಿಗ್ಗೆ ಎದ್ದು ಸೂತ್ರಗಳನ್ನು ಗುಣುಗುಣಿಸುತ್ತಿದ್ದಳು. ಪ್ರಶ್ನೆ ಸ್ವಲ್ಪ ಹೊರಳಿದರೆ ಪೆನ್ಸಿಲ್ ನಿಲ್ಲುತ್ತಿತ್ತು, ಗುಂಡು ಖಾಲಿ ಉಳಿಯುತ್ತಿತ್ತು.

ಖಾಲಿ ಬಿಟ್ಟದ್ದಕ್ಕೆ ಅವಳು ಬೈಸಿಕೊಳ್ಳುತ್ತಿದ್ದುದು ಉಪೇಂದ್ರನೊಬ್ಬನ ಕೈಯಲ್ಲೇ ಅಲ್ಲ. ಒಮ್ಮೆ ಪಕ್ಕದ ಮನೆಯ ತೆಲುಗಿನವರು ಪುಳಿಹೋರ ಕೊಟ್ಟ ಬಟ್ಟಲನ್ನು ತೊಳೆದು ಹಾಗೇ ಕೊಟ್ಟು ಬಂದಾಗ ಸುವರ್ಣಾ ಮಗಳಿಗೆ ಸಂಜೆತನಕ ಬೈದಿದ್ದಳು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಖಾಲಿ ಪಾತ್ರೆ ತಿರುಗಿ ಕೊಟ್ಟರೆ ಇನ್ನು ನಿಮ್ಮ ಹಂಗು ಬೇಡ ಅಂದಂತೆ. ಆಮೇಲೆ ತಾನೇ ಎರಡು ಚಕ್ಕುಲಿ ಹಿಡಿದುಕೊಂಡು ಹೋಗಿ ಪಕ್ಕದ ಮನೆಯವರ ಹತ್ತಿರ ನಕ್ಕು ಮಾತಾಡಿ ಬಂದಿದ್ದಳು.

ಪರೀಕ್ಷೆಗೆ ಕೆಲವು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ಉಪೇಂದ್ರ ಅವಳ ಮಾಕ್ ಟೆಸ್ಟಿನ ಹಾಳೆಯನ್ನು ಮುಂದಿಟ್ಟುಕೊಂಡು ಸಿಟ್ಟಾದ. ಮನೆಯಲ್ಲಿ ಇಬ್ಬರೇ ಇದ್ದರು. ಸುವರ್ಣಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅವಳು ಇತ್ತೀಚೆಗೆ ಹೀಗೆ ಬೇಕೆಂದೇ ಹೊರಗೆ ಹೋಗುತ್ತಿದ್ದಳು. ಅದನ್ನೂ ಅವನು ಆಗ ಗಮನಿಸಲಿಲ್ಲ.

“ಮೂವತ್ತೆರಡು ಬಿಟ್ಟೀಯಲ್ಲ ದಾನಿ. ತುಂಬಾಕೇನು ಕೈಗೆ ಲಕ್ವಾ ಹೊಡದೈತೇನು?”

“ಗೊತ್ತಿಲ್ಲದ್ದು ಗೊತ್ತಿಲ್ಲ ಮಾಮಾ.”

“ಯಾರಿಗೂ ಗೊತ್ತಿರೂದಿಲ್ಲ. ಎಲ್ಲಾರೂ ತುಂಬ್ತಾರ.”

ಅವಳು ರಬ್ಬರಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಸರಿಸಿದಳು. ತುಂಬಿದರೆ ಸೀಟು ಸಿಗುತ್ತದೆ, ಅದು ತನಗೆ ಗೊತ್ತು ಅಂದಳು. ಸುಳ್ಳು ರ್‍ಯಾಂಕಿನ ಮೇಲೆ ನಾಲ್ಕು ವರ್ಷ ಯಾರು ಓದುವುದು ಅಂದಳು. ಆಮೇಲೆ ತಲೆ ಎತ್ತಿ ಅವನನ್ನೇ ನೋಡಿದಳು.

“ಸೀಟು ಬಂದ್ರೂ ನೀನಽ, ಬರದಿದ್ರೂ ನೀನಽ. ಬರದಿದ್ರ ಫಿಸಿಕ್ಸ್ ಆದ್ರೂ ತಪ್ತೈತಿ.”

ಮದುವೆಯ ಆ ಮಾತನ್ನು ಅಲ್ಲಿಯವರೆಗೆ ಇಬ್ಬರೂ ಆಡಿರಲಿಲ್ಲ. ಹಾಗಲ್ಲ, ಸೀಟು ಬಂದರೆ ಹೊರಗಿನ ವರ ನೋಡುತ್ತಾರೆ, ನಿಮ್ಮಪ್ಪನೇ ನೂರು ಸಲ ಹೇಳಿದ್ದಾನೆ, ನಾಲ್ಕು ವರ್ಷ ಯಾರೂ ಮದುವೆಯ ಸುದ್ದಿ ತೆಗೆಯುವುದಿಲ್ಲ ಅಂತ ಉಪೇಂದ್ರ ಅವಳಿಗೆ ಬಿಡಿಸಿ ಹೇಳಿದ. ನಮಗಿಬ್ಬರಿಗೂ ಇರುವ ಬಾಗಿಲು ಅದೊಂದೇ ಅಂದ. ನನಗೂ ಇದು ಬೇಡ ಅಂತ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದಕ್ಕೆ ಅವಳ ಮುಖ ಸ್ವಲ್ಪ ಹಗುರಾದ ಹಾಗೆ ಕಂಡಿತು.

“ನೀ ಲೆಕ್ಕ ಚಂದ ಹೇಳ್ತಿ ಮಾಮಾ,” ಅಂದಳು. “ನಮ್ಮ ಮನಿ ಮಂದಿ ತಿಳಿಯೂದಿಲ್ಲ ನಿನಗ.”

“ತುಂಬ್ತಿಯೋ ಇಲ್ಲೋ?”

“ತುಂಬ್ತೀನಿ. ನೀ ಹೇಳ್ತಿ ಅಂತ ತುಂಬ್ತೀನಿ. ಆಮ್ಯಾಲ ನನ್ನ ಬೈಬ್ಯಾಡ.”

ತುಂಬಿದಳು. ಪರೀಕ್ಷೆಯ ಕೇಂದ್ರದ ಹೊರಗೆ, ತಂದೆತಾಯಿಗಳ ಗುಂಪಿನಲ್ಲಿ ಅವನೂ ಬಿಸಿಲಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ. ಹೊರಗೆ ಬಂದವಳು ಪೇಪರು ಹೇಗಿತ್ತು ಅಂತ ಹೇಳಲಿಲ್ಲ. ಕೊನೆಯ ಪುಟದಿಂದ ಎಲ್ಲಾ ಮೂರನೇ ಗುಂಡು ಒತ್ತಿದೆ ಅಂದಳು, ಕಬ್ಬಿನ ಹಾಲು ಕೊಡಿಸು ಅಂದಳು.

ರಿಸಲ್ಟ್ ಬಂದ ದಿನ ಇಂಟರ್‌ನೆಟ್ ಸೆಂಟರಿನ ಹುಡುಗ ಹಾಲ್ ಟಿಕೆಟ್ಟಿನ ನಂಬರು ಒತ್ತಿ, ಪರದೆಯನ್ನು ಅವರ ಕಡೆ ತಿರುಗಿಸಿದ. ದೊಡ್ಡ ರ್‍ಯಾಂಕೇನಲ್ಲ. ಆದರೆ ಆ ವರ್ಷ ಊರ ಹೊರಗಿನ ಪ್ರತಿ ಹೊಲದಲ್ಲೂ ಒಂದು ಇಂಜಿನಿಯರಿಂಗ್ ಕಾಲೇಜು ಎದ್ದಿತ್ತು, ಅವುಗಳಲ್ಲಿ ಒಂದಕ್ಕೆ ಅದು ಧಾರಾಳವಾಗಿ ಸಾಕು. ಉಪೇಂದ್ರನಿಗೆ ಎದೆಯ ಮೇಲಿಂದ ಯಾರೋ ಎದ್ದ ಹಾಗಾಯಿತು. ದಾನೇಶ್ವರಿ ಆ ಸಂಖ್ಯೆಯನ್ನು ಬೇರೆಯವರದು ಎಂಬಂತೆ ನೋಡಿದಳು. ಮೂರನೇ ಗುಂಡುಗಳ ರ್‍ಯಾಂಕು ಅದು ಅಂದಳು.

ರಿಸಲ್ಟಿನ ಸುದ್ದಿ ಕೇಳಿ ಊರಿಂದ ಬಂದ ಪಾರ್ವತಿಬಾಯಿಯನ್ನು ಕಾಚಿಗೂಡ ಸ್ಟೇಷನ್ನಿನಿಂದ ಕರೆದುಕೊಂಡು ಬಂದವನು ಉಪೇಂದ್ರನೇ. ಆಟೋದಲ್ಲಿ ಅವ್ವ ಅವನ ತಲೆಯ ಮೇಲೆ ಕೈಯಾಡಿಸಿದಳು. ಅವನಿಗೆ ಅದು ಹಿತವೆನಿಸಿತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಸಿದ್ದರಾಮಪ್ಪ ಅವನಿಗೆ ಮಣೆ ಹಾಕಿಸಿ ಪಕ್ಕದಲ್ಲಿ ಕೂಡಿಸಿಕೊಂಡ. ಮೊದಲೆಲ್ಲ ಲೇ ಉಪ್ಯಾ ಅನ್ನುತ್ತಿದ್ದ ಮಾಮಾ ಈಚಿನ ಕೆಲವು ತಿಂಗಳಿಂದ ಉಪೇಂದ್ರ ಅನ್ನತೊಡಗಿದ್ದು, ಯುಗಾದಿಗೆ ತನಗಷ್ಟೇ ಪ್ಯಾಂಟು ಶರ್ಟಿನ ಬಟ್ಟೆ ಬಂದದ್ದು, ಅಕ್ಕ ಮೊದಲ ಬಿಸಿ ರೊಟ್ಟಿ ತನ್ನ ತಾಟಿಗೇ ಹಾಕುತ್ತಿದ್ದುದು, ಅಷ್ಟೂ ಅವನಿಗೆ ಆ ಮಣೆಯ ಮೇಲೆ ಕೂತಾಗ ಒಮ್ಮೆಲೇ ನೆನಪಾದವು. ಎರಡನೇ ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ಪಾರ್ವತಿಬಾಯಿ ಮಾತು ತೆಗೆದಳು.

“ಇಷ್ಟು ಓದಿಸಿ ಮಂದಿ ಮನಿಗೆ ಯಾಕ ಕೊಡಬೇಕು? ಓದಿಸಿದವ ಮನ್ಯಾಗಽ ಅದಾನ. ವರ್ಷಗಟ್ಲೆ ಕೂತು ತನ್ನ ಹೇಣ್ತೀನ್ನ ತಾನಽ ತಯಾರು ಮಾಡಿಕೊಂಡಾನ ನನ್ನ ಮಗ.”

ಸಿದ್ದರಾಮಪ್ಪ ಆ ಮಾತಿಗೆ ಕಾದಿದ್ದವನ ಹಾಗೆ ಗೋಣು ಹಾಕಿದ. ಈಗ ನಿಶ್ಚಯ ಮಾಡಿಬಿಡೋಣ, ಅಕ್ಕಿಕಾಳು ಅವಳ ಓದು ಮುಗಿದ ಮೇಲೆ ಅಂದ. ಅಲ್ಲಿತನಕ ಉಪೇಂದ್ರ ಇಲ್ಲೇ ಇದ್ದು ಇಂಜಿನಿಯರಿಂಗಿನ ಲೆಕ್ಕವನ್ನೂ ಹೇಳಿಕೊಡಲಿ, ಆಮೇಲೆ ಅವಳಿಗೆ ಸಾಫ್ಟ್‌ವೇರ್ ಕೆಲಸ ಹತ್ತಿದರೆ ಇಬ್ಬರ ಹೊಟ್ಟೆಗೂ ಆಯಿತು ಅಂದ. ಹೊರಗಿನ ವರನ ಮಾತು ಎಲ್ಲಿ ಹೋಯಿತು ಅಂತ ಉಪೇಂದ್ರ ಕೇಳಿದ. ಅದು ಸೀಟು ಸಿಗಲಾರದ ಹೆದರಿಕೆಯಲ್ಲಿ ಆಡಿದ ಮಾತಂತೆ.

“ನಾ ಒಲ್ಲೆ,” ಅಂದ ಉಪೇಂದ್ರ. ಕೈಯಲ್ಲಿ ತುಪ್ಪ ಸೋರುತ್ತಿತ್ತು.

ಎಲ್ಲರೂ ನಕ್ಕರು. ಪಾರ್ವತಿಬಾಯಿಯ ಕಣ್ಣಲ್ಲಿ ನೀರು ಬರುವಷ್ಟು ನಗೆ ಬಂತು. ಈ ಮನೆತನದ ಗಂಡಸರೇ ಹೀಗೆ, ತಾನೂ ಮದುವೆಯ ಹಿಂದಿನ ದಿನ ಹೊಲಕ್ಕೆ ಹೋಗಿ ಕೂತಿದ್ದೆ ಅಂತ ಸಿದ್ದರಾಮಪ್ಪ ಹೇಳಿದ. ಇನ್ನೊಂದು ಹೋಳಿಗೆ ಅವನ ತಾಟಿಗೆ ಬಿತ್ತು. ಒಲ್ಲೆ ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಮಾತು ಅವನಿಗೆ ಹೊಳೆಯಲಿಲ್ಲ. ಇದ್ದರೂ ಅದಕ್ಕೂ ನಗುತ್ತಿದ್ದರು. ದಾನೇಶ್ವರಿ ನೀರಿನ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾ ಹೇಳಿರಲಿಲ್ಲೇನು ಅನ್ನುವ ಮುಖವೂ ಮಾಡಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಅವನು ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ನಿಂತ. ಅಕ್ಕಾ, ನೀನಾದರೂ ಹೇಳು, ನಾನು ನಾಚಿಕೆಯಿಂದ ಅಂದದ್ದಲ್ಲ ಅಂದ. ಸುವರ್ಣಾ ಹಂಚಿನ ಮೇಲಿದ್ದ ಹೋಳಿಗೆಯನ್ನು ಮಗುಚಿ ಹಾಕಿದಳು.

“ನಾನೂ ಒಲ್ಲೆ ಅಂದಿದ್ದೆನಪಾ. ಒಂದು ವಾರ ಉಂಡಿರಲಿಲ್ಲ. ಯಾರು ಕೇಳಿದ್ರು?”

ಸಿಟ್ಟಿಲ್ಲ, ದುಃಖವಿಲ್ಲ. ಅದಾದ ಮೇಲೆ ಬದುಕು ನಡೆಯಲಿಲ್ಲವೇ, ಈಗ ನಾನು ಚೆನ್ನಾಗಿಲ್ಲವೇ ಅಂತ ಅವನನ್ನೇ ಕೇಳಿದಳು. ಅವಳು ಚೆನ್ನಾಗಿದ್ದಾಳೋ ಇಲ್ಲವೋ ಅಂತ ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ವಿಚಾರ ಮಾಡಿರಲಿಲ್ಲ.

ಆ ಮನೆಯಲ್ಲಿ ಇದ್ದಷ್ಟು ದಿನ ತನ್ನ ಬಾಯಿಂದ ಬಂದ ಯಾವ ಮಾತನ್ನೂ ಯಾರೂ ಒಲ್ಲೆ ಅಂತ ತಿಳಿಯುವುದಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಊರಿಗೆ ಹೋದರೆ ಅಲ್ಲಿ ಅವ್ವ ಇದ್ದಾಳೆ. ರೂಮು ಮಾಡಿಕೊಂಡರೆ ಅಕ್ಕ ದಿನಾ ಬಂದು ಬಾಗಿಲು ಬಡಿಯುತ್ತಾಳೆ. ದಾನೇಶ್ವರಿ ಓದಿದ ಕೂಕಟ್‌ಪಲ್ಲಿಯ ಕಾಲೇಜಿನಲ್ಲಿ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದ್ದರು. ಹಗಲು ಲೆಕ್ಕದ ಪಾಠ, ಉಳಿದ ಹೊತ್ತು ಲಾಂಗ್ ಟರ್ಮ್ ಹುಡುಗರ ಕಾವಲು. ಹಾಸ್ಟೆಲಿನ ಮಕ್ಕಳಿಗೆ ಹೇಗೋ ಹಾಗೇ ವಾರ್ಡನ್ನಿಗೂ ಗೇಟಿನ ಹೊರಗೆ ಕಾಲಿಡಲು ಬಿಡುತ್ತಿದ್ದುದು ತಿಂಗಳ ಎರಡನೇ ಭಾನುವಾರ ಮಾತ್ರ. ಈ ಕರಾರಿಗೆ ಹೆದರಿ ಯಾರೂ ಆ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ. ಉಪೇಂದ್ರನಿಗೆ ಬೇಕಾಗಿದ್ದದ್ದು ಆ ಕರಾರೇ. ಪ್ರಿನ್ಸಿಪಾಲರು ಎರಡು ಸಲ ಕೇಳಿದರು, ಯೋಚಿಸಿ ಹೇಳುತ್ತೀರಾ ಅಂತ. ಅವನು ಅಲ್ಲೇ ಸಹಿ ಹಾಕಿದ.

ಹೊರಡುವ ದಿನ ದಾನೇಶ್ವರಿ ಅವನ ಬ್ಯಾಗಿನ ಹರಿದ ಜಿಪ್ಪಿಗೆ ಪಿನ್ನು ಹಾಕಿಕೊಟ್ಟಳು. ಮನೆಯವರಿಗೆ ಅವನು ಒಳ್ಳೆಯ ನೌಕರಿ ಅಂದಿದ್ದ, ಅವರು ಅದನ್ನೂ ಮದುವೆಯ ತಯಾರಿ ಅಂತಲೇ ತಿಳಿದಿದ್ದರು.

“ಎರಡನೇ ಭಾನುವಾರ ಮನಿಗೆ ಬರಬ್ಯಾಡ,” ಅಂದಳು. “ಬಂದ್ರ ಮತ್ತ ಮಣಿ ಹಾಕ್ತಾರ.”

ಅವನು ಹೋಗಲಿಲ್ಲ. ಆದರೆ ಅವರು ಬಂದರು. ಆ ಭಾನುವಾರ ಗೇಟಿನ ಮುಂದೆ ತಂದೆತಾಯಿಗಳ ಜಾತ್ರೆ. ಪ್ರತಿಯೊಬ್ಬರ ಕೈಯಲ್ಲೂ ಡಬ್ಬಿ, ಹಣ್ಣಿನ ಚೀಲ, ಒಗೆದು ತಂದ ಬಟ್ಟೆಯ ಗಂಟು. ಮಕ್ಕಳು ಜಾಳಿಗೆಗೆ ಮುಖ ಒತ್ತಿ ತಮ್ಮವರನ್ನು ಹುಡುಕುತ್ತಿದ್ದರು. ಸಾರ್, ಆಪ್ಕೆ ಘರ್ ಸೇ ಆಯೇ ಅಂತ ವಾಚ್‌ಮನ್ ಕೂಗಿದ. ಉಪೇಂದ್ರ ಕೆಳಗಿಳಿದು ಬಂದು, ಹೊರಗೆ ಹೋಗದೆ ಸರಳುಗಳ ಈ ಕಡೆಯೇ ನಿಂತ. ಆ ಕಡೆ ಸುವರ್ಣಾ, ಕೈಯಲ್ಲಿ ನಾಲ್ಕು ಖಾನೆಯ ಸ್ಟೀಲ್ ಡಬ್ಬಿ. ದಾನೇಶ್ವರಿ ಸ್ವಲ್ಪ ದೂರದಲ್ಲಿ ಆಟೋದ ನೆರಳಿಗೆ ನಿಂತಿದ್ದಳು, ಕಾಲೇಜಿನ ಹೊಸ ಚೀಲ ಹೆಗಲಿಗಿತ್ತು.

ನಿಶ್ಚಯಕ್ಕೆ ದಿನ ಹಿಡಿದಿದ್ದೇವೆ, ಬರುವ ತಿಂಗಳ ಇದೇ ಭಾನುವಾರ, ನಿನಗೆ ಸೂಟಿ ಇರುವ ದಿನವೇ ನೋಡಿ ಇಟ್ಟಿದ್ದೇವೆ ಅಂತ ಅಕ್ಕ ಹೇಳಿದಳು. ಅವನು ಒಲ್ಲೆ ಅಂದ. ಅವಳು ಕೇಳಿಸಿಕೊಂಡಳು, ಕೇಳಿಸಿಕೊಂಡು ಡಬ್ಬಿಯನ್ನು ಗೇಟಿನ ಕಿಂಡಿಯೊಳಗಿಂದ ತೂರಿಸಿದಳು.

“ಉಣ್ಣು. ಡಬ್ಬಿ ಬರೂವಾಗ ತಗೊಂಡು ಬಾ. ನಾಕು ಖಾನೆದ್ದು ನಮ್ಮ ಮನ್ಯಾಗ ಅದೊಂದಽ ಐತಿ.”

ಡಬ್ಬಿ ಇನ್ನೂ ಬಿಸಿ ಇತ್ತು. ಇದನ್ನು ಇಟ್ಟುಕೊಂಡರೆ ತಂದುಕೊಡಲು ಹೋಗಬೇಕು. ಹೋದರೆ ಮಣೆ, ಮಣೆಯ ಪಕ್ಕದಲ್ಲಿ ಎಲೆ ಅಡಿಕೆಯ ತಟ್ಟೆ. ಅವನು ನಿಲ್ಲು ಅಕ್ಕಾ ಅಂದು ಡಬ್ಬಿ ಹಿಡಿದು ಮೆಸ್ಸಿನ ಕಡೆ ನಡೆದ.

ಮೆಸ್ಸಿನ ಉದ್ದ ಮೇಜಿನ ಮೇಲೆ ಒಂದು ದೊಡ್ಡ ತಾಟು ಇಟ್ಟು ಖಾನೆಗಳನ್ನು ಒಂದೊಂದಾಗಿ ಬೋರಲು ಹಾಕಿದ. ಹೋಳಿಗೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ. ಯಾರೂ ನೋಡಲು ಬರದ ಹುಡುಗರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತಾಟನ್ನು ಅವರ ಮುಂದೆ ಸರಿಸಿದ. ನಲ್ಲಿಯ ಕೆಳಗೆ ನಿಂತು ಖಾನೆಗಳನ್ನು ಬೂದಿಯ ಪುಡಿ ಹಾಕಿ ತಿಕ್ಕಿದ, ಎರಡು ಸಲ ನೀರು ಹಾಕಿದ, ತನ್ನ ಟವೆಲ್ಲಿನಿಂದ ಒರೆಸಿದ. ಪಕ್ಕದಲ್ಲೇ ಚಹಾದ ಸಕ್ಕರೆಯ ಡಬ್ಬ ಇತ್ತು. ಅವನ ಕೈ ಅಭ್ಯಾಸದಿಂದ ಅದರ ಮುಚ್ಚಳಕ್ಕೆ ಹೋಯಿತು. ಹಿಂದಕ್ಕೆ ತೆಗೆದುಕೊಂಡ.

ಗೇಟಿನ ಕಿಂಡಿಯಿಂದ ಅವನು ಡಬ್ಬಿಯನ್ನು ತಿರುಗಿ ಕೊಟ್ಟಾಗ ಸುವರ್ಣಾ ಮೊದಲು ನಕ್ಕಳು. ಇಷ್ಟು ಜಲ್ದಿ ಉಂಡೆಯಾ ಅಂತ ಕೇಳಿದಳು. ಆಮೇಲೆ ಡಬ್ಬಿಯ ತೂಕ ಕೈಗೆ ಗೊತ್ತಾಯಿತು. ಅವಳು ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು. ಖಾನೆಗಳು ಒಂದಕ್ಕೊಂದು ತಾಗಿ ಸಪ್ಪಳವಾಯಿತು, ಒಳಗೆ ಏನೂ ಉರುಳಲಿಲ್ಲ. ಅವಳ ಮುಖದ ನಗೆ ಎಲ್ಲಿಗೂ ಹೋಗಲಾರದೆ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.

“ಖಾಲಿ ಕೊಟ್ಟಿಯೇನು ನನಗ?”

“ಹೌದಕ್ಕಾ.”

ಅವಳು ಬೈಯಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದಳು. ದಾನೇಶ್ವರಿ ಬಂದು ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡಳು. ಕೊಂಡಿ ಬಿಚ್ಚಿ, ಖಾನೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು, ಪೇಪರು ತಿದ್ದುವವರು ಪುಟ ತಿರುವುವ ಹಾಗೆ. ನಾಲ್ಕನೆಯದನ್ನೂ ನೋಡಿದ ಮೇಲೆ ಕೊಂಡಿ ಹಾಕಿ ಚೀಲದಲ್ಲಿಟ್ಟುಕೊಂಡಳು. ಉಪೇಂದ್ರನ ಕಡೆ ಒಮ್ಮೆ ನೋಡಿ ಗೋಣು ಹಾಕಿದಳು. ತಾಯಿಯ ರಟ್ಟೆ ಹಿಡಿದು ಆಟೋದಲ್ಲಿ ಕೂಡಿಸಿದಳು, ನಾಚಾರಂ ಅಂತ ಡ್ರೈವರಿಗೆ ತೆಲುಗಿನಲ್ಲಿ ಹೇಳಿದಳು.

ಬರುವ ತಿಂಗಳ ನಿಶ್ಚಯ ನಡೆಯುವುದಿಲ್ಲ ಅಂತ ಅವನಿಗೆ ಗೊತ್ತಾಯಿತು. ಆ ಮನೆಯಲ್ಲಿ ಇನ್ನು ತನಗೆ ತಾಟು ಇಡುವುದಿಲ್ಲ ಅಂತಲೂ ಗೊತ್ತಾಯಿತು. ದಾನೇಶ್ವರಿಗೆ ನಾಲ್ಕು ವರ್ಷದ ಫಿಸಿಕ್ಸ್ ಮಾತ್ರ ತಪ್ಪಲಿಲ್ಲ. ಆ ಗುಂಡುಗಳನ್ನು ತುಂಬಿಸಿದವನು ತಾನೇ.

ಸ್ಟಡಿ ಅವರ್‌ನ ಗಂಟೆ ಹೊಡೆಯಿತು. ವಾಚ್‌ಮನ್ ಗೇಟಿನ ಚಿಲಕ ಎಳೆದು ಬೀಗ ಹಾಕಿ, ಬೀಗದ ಕೈಯನ್ನು ನಿಯಮದಂತೆ ವಾರ್ಡನ್ನಿನ ಕೈಗೆ ಕೊಟ್ಟ. ಉಪೇಂದ್ರ ಅದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಬಾಲ್ಕನಿಯ ಜಾಳಿಗೆಗೆ ಇನ್ನೂ ಮುಖ ಒತ್ತಿ ನಿಂತಿದ್ದ ಹುಡುಗರಿಗೆ ಒಳಗೆ ಹೋಗಿ ಕೂತುಕೊಳ್ಳಲು ಹೇಳಿದ.